ಆಫ್ರಿಕಾಕ್ಕೆಂದು ಕಟ್ಟಿಟ್ಟ ಗಣಿತದ ಪುಸ್ತಕ

ಆ ದಿನಗಳಲ್ಲಿ ಭದ್ರಾವತಿಯ ಜನ್ನಾಪುರದ ನಮ್ಮ ಬೀದಿಗೆ ಬೇಸಿಗೆ ರಜೆ ಬಂತೆಂದು ಗೊತ್ತಾಗುತ್ತಿದ್ದದ್ದು ಮೈದಾ ಅಂಟಿನ ವಾಸನೆಯಿಂದ. ಪರೀಕ್ಷೆ ಮುಗಿದ ಮಾರನೆಯ ಬೆಳಿಗ್ಗೆ ಯಾರದಾದರೂ ಮನೆಯ ಹಿತ್ತಲಲ್ಲಿ ಹಳೆಯ ಡಬ್ಬಿಯೊಂದರಲ್ಲಿ ಮೈದಾ ಕುದಿಯುತ್ತಿತ್ತು. ಜಿರಲೆ ತಿನ್ನದಿರಲಿ ಎಂದು ಅದಕ್ಕೆ ಚೂರು ಮೈಲುತುತ್ತ ಬೆರೆಸುತ್ತಿದ್ದರು. ಬೀದಿಯ ಮಕ್ಕಳೆಲ್ಲ ಜಗುಲಿಯ ಮೇಲೆ ಸಾಲಾಗಿ ಕೂತು ಹಳೆಯ ಪುಸ್ತಕಗಳ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸುತ್ತಿದ್ದೆವು. ಕಿತ್ತ ಹಾಳೆಗಳನ್ನು ದಬ್ಬಳದಲ್ಲಿ ಹೊಲಿಯುತ್ತಿದ್ದೆವು. ಅಂಟಿಸಿದ ಪುಸ್ತಕಗಳನ್ನು ರುಬ್ಬುವ ಕಲ್ಲಿನ ಕೆಳಗೆ ಒಣಗಲು ಇಟ್ಟು, ಅವು ಒಣಗುವವರೆಗೆ ಕುಂಟೆಬಿಲ್ಲೆ ಆಡುತ್ತಿದ್ದೆವು. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುವ ಮೊದಲು ಎಲ್ಲರೂ ಕೈ ತೋರಿಸಬೇಕು. ಬೆರಳಲ್ಲಿ ಆ ವಿಷದ ಅಂಟು ಉಳಿದಿದ್ದರೆ ಅಮ್ಮ ನಲ್ಲಿಯ ಕಡೆಗೆ ಅಟ್ಟುತ್ತಿದ್ದಳು.

ಹೀಗೆ ಒಬ್ಬರು ಓದಿದ ಪುಸ್ತಕ ಇನ್ನೊಬ್ಬರಿಗೆ ಇಳಿದು ಬರುತ್ತಿತ್ತು. ಅದಕ್ಕೆ ಯಾರೂ ದುಡ್ಡು ಕೇಳುತ್ತಿರಲಿಲ್ಲ, ದಾನ ಎಂದೂ ಅನ್ನುತ್ತಿರಲಿಲ್ಲ. ಅಂಗಡಿಗೆ ಹೊಸ ಪುಸ್ತಕ ಬರುವಷ್ಟರಲ್ಲಿ ಶ್ರಾವಣ ಮುಗಿದಿರುತ್ತಿತ್ತು. ನನ್ನ ಪುಸ್ತಕಗಳು ಪ್ರತಿವರ್ಷವೂ ಪಕ್ಕದ ಮನೆಯ ನಸೀಮಕ್ಕನಿಂದ ಬರುತ್ತಿದ್ದವು. ಅವಳು ನನಗಿಂತ ಒಂದು ತರಗತಿ ಮುಂದೆ. ಅವಳ ಅಪ್ಪ ಬಾಬು ಚಾಚಾ ಲಾರಿ ಮೆಕ್ಯಾನಿಕ್ಕು. ನಸೀಮಕ್ಕ ಲೆಕ್ಕದಲ್ಲಿ ಎಷ್ಟು ಚುರುಕೆಂದರೆ, ನನಗಾಗಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದಳು: "ಇಲ್ಲಿ ಎಲ್ಲರೂ ತಪ್ಪುತ್ತಾರೆ, ನೀನೂ ತಪ್ಪುತ್ತೀಯ, ನಿಧಾನ." ಅವಳಿಗೆ ಟೀಚರ್ ಆಗಬೇಕೆಂಬ ಆಸೆಯಿತ್ತು. ನಮ್ಮ ಜಗುಲಿಯ ಮೇಲೆ ಆಗಲೇ ಆಗಿಬಿಟ್ಟಿದ್ದಳು.

ನಸೀಮಕ್ಕ ತೀರಿಕೊಂಡು ಇನ್ನೂ ನಲವತ್ತು ದಿನ ತುಂಬಿಲ್ಲ. ಅವಳ ಮನೆಯಿಂದ ಬಂದ ಮೇಲೆ ನನಗೆ ನೆನಪಾಗುತ್ತಿರುವುದು ಅವಳ ಕಾಯಿಲೆಯಲ್ಲ, ಅವಳು ಹತ್ತನೆಯ ತರಗತಿ ಮುಗಿಸಿದ ಆ ಬೇಸಿಗೆ. ನೆನೆದಷ್ಟೂ ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿದೆ.

ಆ ವರ್ಷ ನಮ್ಮ ಶಾಲೆಯ ಹೆಡ್‌ಮೇಷ್ಟ್ರು ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ಘೋಷಣೆ ಮಾಡಿದರು. ಆಫ್ರಿಕಾದ ಬಡ ಮಕ್ಕಳಿಗೆ ಓದಲು ಪುಸ್ತಕವಿಲ್ಲ. ಊರಿನ ದೊಡ್ಡ ಮನುಷ್ಯರ ಸಂಘವೊಂದು ನಮ್ಮ ಶಾಲೆಯ ಮೂಲಕ ಅವರಿಗೆ ಪುಸ್ತಕ ಕಳಿಸುತ್ತದೆ. ಹತ್ತನೆಯ ತರಗತಿಯವರು ಕೊನೆಯ ಪರೀಕ್ಷೆಯ ದಿನ ಎಲ್ಲ ಪಠ್ಯಪುಸ್ತಕಗಳನ್ನೂ ಶಾಲೆಗೆ ಒಪ್ಪಿಸಬೇಕು. ಒಪ್ಪಿಸದವರಿಗೆ ಟಿ.ಸಿ. ಇಲ್ಲ. ಹೇಗೂ ಮುಂದಿನ ವರ್ಷದಿಂದ ಹತ್ತನೆಯ ತರಗತಿಗೆ ಹೊಸ ಸಿಲೆಬಸ್ಸು, ಹಳೆಯ ಪುಸ್ತಕ ಇನ್ನು ಯಾರಿಗೂ ಬೇಕಾಗಿಲ್ಲ ಎಂದೂ ಹೇಳಿದರು. ನಮಗೆ ಬೇಡವಾದದ್ದು ಅವರಿಗೆ ಸಾಕು ಎನ್ನುವುದು ಆ ಮಾತಿನೊಳಗೇ ಇತ್ತು. ಆಗ ನಮಗದು ಕೇಳಿಸಲಿಲ್ಲ. ಚಪ್ಪಾಳೆ ತಟ್ಟಿದೆವು.

ಮನೆಗೆ ಬಂದು ಹೇಳಿದಾಗ ಅಮ್ಮ ಅಕ್ಕಿ ಆರಿಸುತ್ತ ಕೇಳಿದಳು, "ಅಲ್ಲಿ ಮಕ್ಕಳಿಗೆ ಕನ್ನಡ ಬರುತ್ತಾ?"

ನಮ್ಮದು ಕನ್ನಡ ಮಾಧ್ಯಮದ ಶಾಲೆ. ನಾನು ಜೊತೆಗೆ ಬಂದಿದ್ದ ನಸೀಮಕ್ಕನ ಮುಖ ನೋಡಿದೆ.

"ಹಂಗಾದ್ರೆ ಮೊದ್ಲು ಒಂದನೇ ಕ್ಲಾಸಿನ ಅ ಆ ಇ ಈ ಕಳಿಸ್ಬೇಕಮ್ಮಾ. ಹತ್ತನೇದು ಅವ್ರು ಕಲಿಯೋ ಹೊತ್ತಿಗೆ ನಾನೇ ಅಜ್ಜಿ ಆಗಿರ್ತೀನಿ" ಎಂದಳು ನಸೀಮಕ್ಕ.

ಮೂವರೂ ನಕ್ಕೆವು. ಅಕ್ಕಿ ಆರಿಸುವವಳಿಗೆ ಹೊಳೆದ ಪ್ರಶ್ನೆ ಅಷ್ಟು ಓದಿದವರ ಸಂಘದಲ್ಲಿ ಯಾರಿಗೂ ಹೊಳೆದಿರಲಿಲ್ಲವೇ? ಹೊಳೆದಿರುತ್ತದೆ. ಕೇಳಿದರೆ ಕಾರ್ಯಕ್ರಮ ನಿಲ್ಲುತ್ತಿತ್ತು, ಅದಕ್ಕೇ ಕೇಳಿರಲಿಕ್ಕಿಲ್ಲ.

ಗಣಿತದ ಪರೀಕ್ಷೆಯ ಹೊತ್ತಿಗೆ ನಸೀಮಕ್ಕನಿಗೆ ಟೈಫಾಯ್ಡ್ ಹಿಡಿಯಿತು. ಬಾಬು ಚಾಚಾ ಅವಳನ್ನು ಸ್ಕೂಟರಿನಲ್ಲಿ ಕೂರಿಸಿ, ಬೀಳದಿರಲೆಂದು ದುಪಟ್ಟಾದಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದರು. ಅರ್ಧ ಪೇಪರಿಗೇ ಅವಳು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳಂತೆ. ಕೊನೆಯ ಪರೀಕ್ಷೆಯ ದಿನ ಪುಸ್ತಕ ಒಪ್ಪಿಸಲು ಅವಳಿಗೆ ಎದ್ದು ನಿಲ್ಲುವ ಶಕ್ತಿಯೂ ಇರಲಿಲ್ಲ. ಚಾಚಾನೇ ಎಲ್ಲ ಪುಸ್ತಕಕ್ಕೂ ಹೊಸ ಖಾಕಿ ರಟ್ಟು ಹಾಕಿ, ಗ್ರೀಸ್ ಹತ್ತಬಾರದೆಂದು ಟವೆಲಿನಲ್ಲಿ ಸುತ್ತಿ ಶಾಲೆಗೆ ಕೊಟ್ಟು ಬಂದರು. ದಾರಿಯಲ್ಲಿ ಸಿಕ್ಕವರಿಗೆಲ್ಲ, "ನಮ್ ಹುಡುಗಿ ಬುಕ್ಕು ಆಫ್ರಿಕಾಕ್ಕೆ ಹೋಗ್ತದಂತೆ ನೋಡಿ" ಎಂದರು. ಅವರ ಕಣ್ಣಲ್ಲಿದ್ದ ಆ ಸಂತೋಷ ನನಗಿನ್ನೂ ನೆನಪಿದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಸೀಮಕ್ಕ ಗಣಿತದಲ್ಲಿ ಮಾತ್ರ ಫೇಲು.

ಆಗ ಅವಳಿಗೆ ಶಿವಮೊಗ್ಗದ ರಾಗಿಗುಡ್ಡದಿಂದ ಒಂದು ಸಂಬಂಧ ಬಂದಿತ್ತು. ಬಾಬು ಚಾಚಾ ಕೆಟ್ಟವರಲ್ಲ. ಮನೆಯವರೆಲ್ಲರ ಎದುರಿಗೆ ಹೇಳಿದರು, "ದೇಖ್ ಬೇಟಿ, ಇನ್ನೊಂದು ಸಲ ಬರಿ. ಪಾಸಾದ್ರೆ ಅವರಿಗೆ ಬೇಡ ಅಂತೀನಿ, ಕಾಲೇಜಿಗೆ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ನಾನು ಮಾತು ಕೊಟ್ಟುಬಿಡ್ತೀನಿ." ನಸೀಮಕ್ಕ ಒಪ್ಪಿದಳು. ಮರುಪರೀಕ್ಷೆಗೆ ಕೆಲವೇ ವಾರಗಳಿದ್ದವು. ಅವಳಿಗೆ ಬೇಕಾಗಿದ್ದದ್ದು ಅವಳದೇ ಗಣಿತದ ಪುಸ್ತಕ.

ಫೇಲಾದವರು ಬರೆಯಬೇಕಾದದ್ದು ಹಳೆಯ ಸಿಲೆಬಸ್ಸು. ಹಳೆಯ ಪುಸ್ತಕವನ್ನು ಅಚ್ಚು ಹಾಕುವುದು ನಿಂತಿತ್ತು. ಭದ್ರಾವತಿಯ ಅಂಗಡಿಗಳಲ್ಲಿ ಇಲ್ಲ, ಶಿವಮೊಗ್ಗದ ಗಾಂಧಿಬಜಾರಿನಲ್ಲೂ ಇಲ್ಲ. ಅವಳ ಜೊತೆ ಓದಿದವರ ಪುಸ್ತಕಗಳೆಲ್ಲ ಒಂದೇ ಕಡೆ ಇದ್ದವು. ನಮ್ಮ ಶಾಲೆಯ ಲ್ಯಾಬಿನಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ, ಬೀಗದೊಳಗೆ.

ನಾವಿಬ್ಬರೂ ಹೆಡ್‌ಮೇಷ್ಟ್ರ ಮನೆಗೆ ಹೋದೆವು. ಅವರು ಪತ್ರಿಕೆಯಿಂದ ತಲೆಯೆತ್ತದೆ ಹೇಳಿದರು, "ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನಮ್ಮ? ಅದೀಗ ಆಫ್ರಿಕಾದ ಮಕ್ಕಳದು."

"ನನ್ ಪರೀಕ್ಷೆ ಮುಗಿದ್ಮೇಲೆ ನಾನೇ ತಂದು ಕೊಡ್ತೀನಿ ಸಾರ್. ಒಂದೇ ಒಂದು ಪುಸ್ತಕ."

"ಅವರ ಕಷ್ಟ ನಿನಗೆ ಗೊತ್ತಾ? ಒಪ್ಪೊತ್ತು ಊಟ ಇಲ್ಲ ಆ ಮಕ್ಕಳಿಗೆ. ಸ್ವಲ್ಪ ದೊಡ್ಡ ಮನಸ್ಸು ಮಾಡೋದು ಕಲೀರಿ."

ಟೈಫಾಯ್ಡಿನಿಂದ ಎದ್ದು ಬಂದ ಹುಡುಗಿಗೆ, ಕೈಗೆ ಗ್ರೀಸ್ ಮೆತ್ತಿಕೊಂಡವನ ಮಗಳಿಗೆ, ಮನಸ್ಸು ದೊಡ್ಡದು ಮಾಡಿಕೋ ಎಂದು ಬುದ್ಧಿ ಹೇಳಿದರು. ನಾವು ಮನೆಯ ದಾರಿ ಹಿಡಿದೆವು. ಕಾಗದದ ಕಾರ್ಖಾನೆಯ ಕಡೆಯಿಂದ ಆ ಕೊಳೆತ ವಾಸನೆ ಬರುತ್ತಿತ್ತು. ಮೂಗು ಮುಚ್ಚಿಕೊಳ್ಳುವ ನೆಪದಲ್ಲಿ ನಸೀಮಕ್ಕ ಕಣ್ಣೊರೆಸಿಕೊಂಡಳು.

ಜೂನಿನಲ್ಲಿ ಶಾಲೆ ಶುರುವಾದ ವಾರವೇ ಪುಸ್ತಕ ಬೀಳ್ಕೊಡುವ ಸಮಾರಂಭ. ಅಂಗಳದಲ್ಲಿ ಶಾಮಿಯಾನ. ವೇದಿಕೆಯ ಮೇಲೆ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ಚೆಂಡುಹೂವಿನ ಹಾರ. ಶಿವಮೊಗ್ಗದಲ್ಲಿ ಓದುತ್ತಿದ್ದ ಆಫ್ರಿಕಾದ ವಿದ್ಯಾರ್ಥಿಯೊಬ್ಬನನ್ನು ಸಂಘದವರು ಮುಖ್ಯ ಅತಿಥಿಯೆಂದು ಕಾರಿನಲ್ಲಿ ಕರೆತಂದಿದ್ದರು. ಅವನ ಹೆಸರು ಜೋಸೆಫ್, ದೇಶ ಟಾಂಜಾನಿಯಾ. ತಲೆಗೆ ಪೇಟ ತೊಡಿಸಿ ಕೂರಿಸಿದ್ದರು. ಸಂಘದ ಅಧ್ಯಕ್ಷರು ಭಾಷಣ ಮಾಡುತ್ತ ಅವನ ಕಡೆ ಕೈ ತೋರಿಸಿ, "ಇಂಥ ನತದೃಷ್ಟ ಮಕ್ಕಳು" ಎಂದರು. ಜೋಸೆಫ್ ಎರಡು ವರ್ಷದಿಂದ ನಮ್ಮ ಜಿಲ್ಲೆಯಲ್ಲಿದ್ದ. ಅವನಿಗೆ ಆ ಮಾತು ಅರ್ಥವಾದದ್ದು ಅವನ ಮುಖದಲ್ಲೇ ಕಾಣಿಸಿತು.

ನಸೀಮಕ್ಕನೂ ಬಂದಿದ್ದಳು. ಸಮಾರಂಭಕ್ಕೆಂದು ಲ್ಯಾಬಿನ ಬೀಗ ತೆಗೆಯುತ್ತಾರೆ, ಆಗ ಇನ್ನೊಮ್ಮೆ ಕೇಳೋಣ ಎಂದು ಕಾದಿದ್ದಳು. ಭಾಷಣ ಮುಗಿದು ಉಪ್ಪಿಟ್ಟು ಕೇಸರಿಬಾತ್ ಹಂಚುವಾಗ ನಾನು ತಟ್ಟೆ ಹಿಡಿದು ಜೋಸೆಫ್ ಹತ್ತಿರ ಹೋದೆ. ಅವಳು ನನ್ನ ಹಿಂದೆಯೇ ಬಂದಳು.

"ಅಣ್ಣಾ, ನಿಮ್ ಊರಲ್ಲಿ ಕನ್ನಡ ಓದಕ್ಕೆ ಬರುತ್ತಾ?" ಎಂದು ಕೇಳಿದಳು.

ಜೋಸೆಫ್ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡ. "ನಂಗೇ ಬಸ್ ಬೋರ್ಡ್ ಓದಕ್ಕೆ ಬರಲ್ಲ" ಎಂದ. "ನಮ್ ಸ್ಕೂಲಲ್ಲಿ ಸ್ವಾಹಿಲಿ. ನಿಮಗೆ ಕನ್ನಡ ಹೇಗೆ, ನಮಗೆ ಅದು. ನಾನು ಕಾರಲ್ಲೇ ಹೇಳ್ದೆ. ಅವರು, ಪರವಾಗಿಲ್ಲ, ಫೀಲಿಂಗ್ ಮುಖ್ಯ ಅಂದ್ರು."

"ಮತ್ತೆ ಇವೆಲ್ಲ ಯಾಕೆ ಕಳಿಸ್ತಾರೆ?"

"ಎಲ್ಲರೂ ಕಳಿಸ್ತಾರೆ. ನಾನು ಚಿಕ್ಕವನಿದ್ದಾಗ ದೊಡ್ಡ ದೇಶದಿಂದ ಹಡಗಲ್ಲಿ ಬಾಕ್ಸ್ ಬಂತು. ಒಳಗೆ ಎಲ್ಲ ಹಿಮದ ಮೇಲೆ ಕಾರು ಓಡಿಸೋ ಬುಕ್ಕು. ನಮ್ಮಲ್ಲಿ ಹಿಮ ಇಲ್ಲ, ಕಾರೂ ಇಲ್ಲ." ಅವನು ಕೇಸರಿಬಾತ್ ಬಾಯಿಗಿಟ್ಟುಕೊಂಡು ನಕ್ಕ. "ಆದ್ರೆ ಬಾಕ್ಸ್ ಗಟ್ಟಿ ಇತ್ತು. ಬೆಂಚ್ ಇರಲಿಲ್ಲ ನಮಗೆ. ಎರಡು ವರ್ಷ ಅದರ ಮೇಲೇ ಕೂತ್ವಿ. ಮೇಷ್ಟ್ರು ಬೇಕು ಅಂತ ನಮ್ಮ ಹೆಡ್‌ಮಾಸ್ಟರ್ ಕೇಳ್ತಾನೇ ಇದ್ರು. ಮೇಷ್ಟ್ರು ಬರಲಿಲ್ಲ. ಬಾಕ್ಸ್ ಬಂತು."

ನಸೀಮಕ್ಕ ತನ್ನ ವಿಷಯ ಹೇಳಿದಳು. ಜ್ವರ, ಮರುಪರೀಕ್ಷೆ, ಪುಸ್ತಕ, ಅಪ್ಪ ಕೊಟ್ಟ ಗಡುವು. ಜೋಸೆಫ್ ತಟ್ಟೆ ಕೆಳಗಿಟ್ಟು ಎದ್ದು ಸೀದಾ ವೇದಿಕೆಗೆ ಹೋದ. ಹಾರ ಸರಿಸಿ ಒಂದು ಪೆಟ್ಟಿಗೆ ತೆರೆದ. "ಯಾವುದು ನಿಂದು?" ಎಂದ. ಅವಳದಲ್ಲ, ಯಾರದೋ ಗಣಿತದ ಪುಸ್ತಕ ಮೇಲೆಯೇ ಇತ್ತು. ಯಾರದಾದರೇನು. ಅವಳು ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು.

ಅಷ್ಟರಲ್ಲಿ ಹೆಡ್‌ಮೇಷ್ಟ್ರು ಬಂದರು. ಅವರ ಹಿಂದೆ ಅಧ್ಯಕ್ಷರು, ಫೋಟೋದವನು.

"ಇದು ನಮಗೆ ಬೇಡ ಸಾರ್," ಎಂದ ಜೋಸೆಫ್. "ಈ ಹುಡುಗಿಗೆ ಬೇಕು. ನಾನೇ ಕೊಡ್ತೀನಿ. ನಮ್ಮದು ಅಂದ್ರಲ್ಲ, ನಾನು ಕೊಡಬಹುದಲ್ಲ."

ಅಧ್ಯಕ್ಷರು ಅವನ ಹೆಗಲ ಮೇಲೆ ಕೈಯಿಟ್ಟು ನಕ್ಕರು. "ಆಗ್ಲಿ, ಆಗ್ಲಿ. ಮೊದಲು ಫೋಟೋ ಆಗ್ಲಿ. ಪೆಟ್ಟಿಗೆ ತುಂಬಿರೋ ಹಾಗೆ ಕಾಣ್ಬೇಕು. ಪುಸ್ತಕ ಅದರಲ್ಲೇ ಇಡಮ್ಮ, ಆಮೇಲೆ ತಗೊಳ್ಳುವೆಯಂತೆ."

ಹೆಡ್‌ಮೇಷ್ಟ್ರು ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟರು. ಜೋಸೆಫ್‌ಗೆ ಮತ್ತೆ ಪೇಟ ತೊಡಿಸಿದರು. ಫೋಟೋ ಆಯಿತು. ಕೂಡಲೇ ಅವನನ್ನು ಕಾರಿನತ್ತ ಕರೆದುಕೊಂಡು ಹೋದರು. ಅವನು ತಿರುಗಿ ತಿರುಗಿ ನೋಡಿ ಏನೋ ಹೇಳುತ್ತಿದ್ದ. ಇತ್ತ ಜವಾನ ಪೆಟ್ಟಿಗೆಗಳಿಗೆ ಹುರಿ ಕಟ್ಟಿ ಲ್ಯಾಬಿಗೆ ಸಾಗಿಸಿದ. ನಸೀಮಕ್ಕ ಬಾಗಿಲ ಹತ್ತಿರ ಓಡಿದಳು.

"ಸಾರ್, ಆಮೇಲೆ ಅಂದ್ರಲ್ಲ."

"ಲೆಕ್ಕ ಆಗೋಗಿದೆಯಮ್ಮ. ಈಗ ಬಿಚ್ಚಕ್ಕಾಗಲ್ಲ," ಎಂದರು ಹೆಡ್‌ಮೇಷ್ಟ್ರು. ಬೀಗ ಹಾಕಿ ಎಳೆದು ನೋಡಿದರು.

ಅಲ್ಲಿ ನಮ್ಮ ಮೇಷ್ಟ್ರುಗಳೆಲ್ಲ ನಿಂತಿದ್ದರು. ಅವಳಿಗೆ ಲೆಕ್ಕ ಕಲಿಸಿದವರೂ ಇದ್ದರು. ಎಲ್ಲರೂ ಉಪ್ಪಿಟ್ಟು ಚೆನ್ನಾಗಿದೆ ಎನ್ನುತ್ತಿದ್ದರು.

ಹಳೇನಗರದ ಬೇರೊಂದು ಶಾಲೆಯ ಹುಡುಗಿಯಿಂದ ಕೊನೆಗೂ ಒಂದು ಪುಸ್ತಕ ಸಿಕ್ಕಿತು. ರೇಖಾಗಣಿತದ ಭಾಗ ಅದರಲ್ಲಿ ಪೂರ್ತಿ ಕಿತ್ತುಹೋಗಿತ್ತು. ಇದ್ದಷ್ಟನ್ನು ನಸೀಮಕ್ಕ ಬಾಯಿಪಾಠ ಮಾಡಿದಳು. ನಾನು ಜಗುಲಿಯ ಮೇಲೆ ಎದುರು ಕೂತು ಪ್ರಶ್ನೆ ಕೇಳುತ್ತಿದ್ದೆ, ಅವಳು ಸೀಮೆಸುಣ್ಣದಿಂದ ನೆಲದ ಮೇಲೆ ಬಿಡಿಸುತ್ತಿದ್ದಳು. ಪ್ರಮೇಯಗಳನ್ನು ನೆನಪಿನಿಂದಲೇ ಜೋಡಿಸಲು ನೋಡುತ್ತಿದ್ದಳು. ಅರ್ಧಕ್ಕೆ ಬಂದು ನಿಂತು, "ಥೂ, ಇಲ್ಲೇ ಎಲ್ಲೋ ಇತ್ತು ಮಾರಾಯ್ತಿ, ಬಲಗಡೆ ಪುಟದಲ್ಲಿ" ಎನ್ನುತ್ತಿದ್ದಳು. ಪುಟದ ಯಾವ ಮೂಲೆಯಲ್ಲಿತ್ತೆಂದು ನೆನಪಿತ್ತು. ಏನಿತ್ತೆಂದು ನೆನಪಾಗುತ್ತಿರಲಿಲ್ಲ.

ಮರುಪರೀಕ್ಷೆಯೂ ಕೆಲವೇ ಅಂಕಗಳಲ್ಲಿ ಕೈತಪ್ಪಿ ಹೋಯಿತು. ಬಾಬು ಚಾಚಾ ಮಾತು ಕೊಟ್ಟರು. ಮದುವೆಯ ದಿನ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಮೆಹೆಂದಿ ಹಚ್ಚಿದ ಬೆರಳಿನಿಂದ ಅವಳು ನನ್ನ ಅಂಗೈಯಲ್ಲಿ ಒಂದು ತ್ರಿಕೋನ ಬರೆದು ಅಳಿಸಿದಳು.

ಆ ಪೆಟ್ಟಿಗೆಗಳು ಎಲ್ಲಿಗೂ ಹೋಗಲಿಲ್ಲ. ಹಡಗಿನವರು ಯಾರು, ಅಲ್ಲಿ ಇಳಿಸಿಕೊಳ್ಳುವವರು ಯಾರು ಎಂದು ಯಾರೂ ವಿಚಾರಿಸಿಯೇ ಇರಲಿಲ್ಲವಂತೆ. ನಾನು ಹತ್ತನೆಯ ತರಗತಿ ಮುಗಿಸುವವರೆಗೂ ಅವು ಲ್ಯಾಬಿನ ಮೂಲೆಯಲ್ಲಿದ್ದವು. ಪ್ರಯೋಗಕ್ಕೆ ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದವು. ಮಳೆಗಾಲದಲ್ಲಿ ಗೆದ್ದಲು ಹಿಡಿಯಿತು. ಒಂದು ದಿನ ಜವಾನ ಎಲ್ಲವನ್ನೂ ಕಾಂಪೌಂಡಿನ ಹಿಂದೆ ರಾಶಿ ಹಾಕಿ ಬೆಂಕಿ ಕೊಟ್ಟ. ಗೋಡೆಯ ಮೇಲೆ ಫೋಟೋ ಮಾತ್ರ ಚೌಕಟ್ಟು ಹಾಕಿಸಿಕೊಂಡು ಉಳಿಯಿತು.

ನಸೀಮಕ್ಕ ರಾಗಿಗುಡ್ಡದಲ್ಲಿ ಬಟ್ಟೆ ಹೊಲಿದುಕೊಂಡು ಸಂಸಾರ ಮಾಡಿದಳು. ಬೀದಿಯ ಮಕ್ಕಳು ಲೆಕ್ಕ ಹಿಡಿದು ಬಂದರೆ ಹೊಲಿಗೆ ನಿಲ್ಲಿಸಿ ಹೇಳಿಕೊಡುತ್ತಿದ್ದಳು. ಕಿಡ್ನಿ ಹಾಳಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನಾನು ಹೋದರೆ ನಗುತ್ತಿದ್ದಳು. ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ನನಗಿದೆ. ಟಾಂಜಾನಿಯಾದ ಯಾವುದೋ ಶಾಲೆಯಲ್ಲಿ ಮೇಷ್ಟ್ರಿಲ್ಲದೆ ಪೆಟ್ಟಿಗೆಯ ಮೇಲೆ ಕೂತ ಮಕ್ಕಳ ಹೆಸರಿನಲ್ಲಿ, ಜನ್ನಾಪುರದ ಒಬ್ಬಳು ಮೇಷ್ಟ್ರಾಗುವುದನ್ನು ತಪ್ಪಿಸಿದರು. ಆ ಮಕ್ಕಳಿಗೂ ಏನೂ ಸಿಗಲಿಲ್ಲ. ಎರಡೂ ಕಡೆ ಕಳೆದುಹೋದದ್ದಕ್ಕೆ ಸೇವೆ ಎಂದು ಹೆಸರಿಟ್ಟರು.

ಈಗ ನಾನು ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಬೀದಿಯಲ್ಲಿ ಈಗ ಯಾರೂ ಅಂಟು ಕುದಿಸುವುದಿಲ್ಲ. ಮಕ್ಕಳಿಗೆ ಪುಸ್ತಕ ಶಾಲೆಯಲ್ಲೇ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ತನಗಿಂತ ಚಿಕ್ಕವಳೊಬ್ಬಳು ಎಲ್ಲಿ ತಪ್ಪುತ್ತಾಳೆಂದು ಮೊದಲೇ ಯೋಚಿಸಿ ಅಂಚಿನಲ್ಲಿ ಬರೆದಿಡುವ ಅಕ್ಕಂದಿರು ಇಲ್ಲ. ನನಗಂತೂ ಇನ್ನಿಲ್ಲ.

ಕಳೆದ ವಾರ ಒಂದು ಸಂಸ್ಥೆಯವರು ನಮ್ಮ ಕೇಂದ್ರಕ್ಕೆ ಬಂದರು. ಆಫ್ರಿಕಾದ ಮಕ್ಕಳ ಶಿಕ್ಷಣಕ್ಕೆ ಬೆಂಬಲ ಎಂದು ಬರೆದ ಬ್ಯಾನರನ್ನು ನಮ್ಮ ಮಕ್ಕಳು ಹಿಡಿಯಬೇಕು, ತಾವು ಆಡುವ ಚಿತ್ರದ ಪುಸ್ತಕಗಳನ್ನು ಕೈಯಾರೆ ಕೊಡುವ ಹಾಗೆ ವಿಡಿಯೋ ತೆಗೆಯಬೇಕು ಎಂದರು. ನಾನು ಯಾವ ದೇಶ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಯಾವ ಶಾಲೆ, ಏನು ಬೇಕೆಂದು ಅಲ್ಲಿಯವರು ಕೇಳಿದ್ದಾರೆ, ಅವರು ಕೇಳಿದ್ದನ್ನು ಕೊಡಲು ನಿಮ್ಮಿಂದ ಆಗುತ್ತದೆಯೇ ಎಂದೆ. ಹೊರಗೆ ಆಟೋದವರೂ ತಿರುಗಿ ನೋಡುವಷ್ಟು ಏರಿತ್ತು ನನ್ನ ದನಿ. ಅವರು ಬ್ಯಾನರ್ ಸುತ್ತಿಕೊಂಡು ಹೊರಟರು.

"ಅಷ್ಟು ಜೋರಾಗಿ ಮಾತಾಡ್ಬಾರ್ದಿತ್ತು ಟೀಚರ್," ಎಂದಳು ನಮ್ಮ ಸಹಾಯಕಿ. "ದೊಡ್ಡೋರು ಅವ್ರು."

ಆ ದಿನ ಲ್ಯಾಬಿನ ಬಾಗಿಲ ಮುಂದೆ ನಿಂತಿದ್ದ ದೊಡ್ಡವರಲ್ಲಿ ಯಾರಾದರೂ ಒಬ್ಬರು ಇದರ ಅರ್ಧದಷ್ಟು ಜೋರಾಗಿ ಮಾತಾಡಿದ್ದರೆ ಸಾಕಿತ್ತು.