ವಾಗದರಿ ಬಸ್ಸಿನ ಆಟ

ಮೊನ್ನೆ ಸೊಲ್ಲಾಪುರದಲ್ಲಿ ನಾನು ಕಲಿಸುವ ಕಂಪ್ಯೂಟರ್ ಕ್ಲಾಸಿನಲ್ಲಿ ಒಬ್ಬ ಹುಡುಗಿ ಡಬ್ಬಿ ಬಿಚ್ಚಿದಳು. ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ವಾಸನೆ ಕೋಣೆಯ ತುಂಬ ಹರಡಿತು. ಬೋರ್ಡಿನ ಮೇಲೆ ಬರೆಯುತ್ತಿದ್ದ ನನ್ನ ಕೈ ಅಲ್ಲಿಗೇ ನಿಂತಿತು. ಆ ವಾಸನೆ ನನ್ನ ಪಾಲಿಗೆ ಕಂಡಕ್ಟರ್ ಕಾಕಾ ಅವರದು...

ಅಕ್ಕಲಕೋಟದಲ್ಲಿ ಅವರ ಮನೆ ನಮ್ಮ ಮನೆಗೆ ಎದುರಾಗಿತ್ತು. ಕಟ್ಟೆಯ ಮೇಲೆ ಕಡಕ್ ಜೋಳದ ಭಾಕರಿ ಮುರಿದು ಆ ಚಟ್ನಿಯ ಜೊತೆ ತಿನ್ನುತ್ತಿದ್ದರು, ಅದೂ ನಿಂತುಕೊಂಡೇ. ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ಅವರಿಗೆ ಕೂಡುವುದು ಒಗ್ಗಿರಲಿಲ್ಲ. ದಿನಾ ಮುಂಜಾನೆ ವಾಗದರಿ ಹಳ್ಳಿಯಿಂದ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿಗೆ ಹೋಗಿ, ಅದು ಸೊಲ್ಲಾಪುರದ ಕಡೆ ಹೊರಟ ಮೇಲೆ ತಿರುಗಿ ಬರುತ್ತಿದ್ದರು. ಏಕೆ ಹೋಗುತ್ತಾರೆಂದು ಅವರ ಮನೆಯವರಿಗೂ ಗೊತ್ತಿರಲಿಲ್ಲ.

ಆ ವರ್ಷ ನನಗೂ ಕೂತಲ್ಲಿ ಕೂಡಲು ಆಗುತ್ತಿರಲಿಲ್ಲ. ವಿಡಿಯೋ ಗೇಮ್ ಮಾಡುವುದನ್ನು ಕಲಿಯಲು ಸೊಲ್ಲಾಪುರಕ್ಕೆ ಹೋಗಿ ಬರುತ್ತಿದ್ದೆ. ಕೊನೆಗೆ ಒಂದು ರೋಲ್ ಪ್ಲೇಯಿಂಗ್ ಗೇಮ್ ಮಾಡಿ ತೋರಿಸಬೇಕಿತ್ತು. ಆಡುವವರು ಒಂದು ಪಾತ್ರವೇ ಆಗಿ ಊರೂರು ತಿರುಗಿ, ಜನರೊಡನೆ ಮಾತಾಡಿ, ತಮ್ಮ ದಾರಿ ತಾವೇ ಆರಿಸಿಕೊಳ್ಳುವ ಆಟ ಅದು. ಏನೂ ಆಗದಿದ್ದರೆ ಸುಮ್ಮನೆ ಬಿ.ಎಡ್.ಗೆ ಅರ್ಜಿ ಹಾಕಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು. ಆಟದ ಕಥೆ ಬರೆಯುವ ನನ್ನ ವಹಿಯಲ್ಲಿ ಸೋಮವಾರ ಏಳು ರಾಜ್ಯಗಳ ಯುದ್ಧವಿದ್ದರೆ, ಬುಧವಾರ ಅದನ್ನು ಹೊಡೆದುಹಾಕಿ ಸಮುದ್ರದೊಳಗಿನ ನಗರ, ಶುಕ್ರವಾರ ಅದೂ ಬೇಡವಾಗಿ ಮಂತ್ರವಾದಿಗಳು. ಕಲಿಸುವ ಸರ್ ಎಲ್ಲವನ್ನೂ ನೋಡಿ, "ಇದಕ್ಕ ನೂರು ಮಂದಿ ಬೇಕು. ನೀನು ಒಬ್ಬಾಕಿ ಇದ್ದಿ, ಉಳದದ್ದು ಒಂದ ತಿಂಗಳು" ಅಂದರು.

ಅವತ್ತು ಸಂಜೆ ಬಸ್ಸಿಳಿದು ಬಂದವಳು ಕಾಕಾ ಅವರ ಕಟ್ಟೆಯ ಮೇಲೆ ಚೀಲ ಎಸೆದು ಕೂತೆ. ಏನಾಯಿತೆಂದು ಕೇಳಿದರು. ಏಳು ರಾಜ್ಯಗಳ ಕಥೆಯನ್ನೆಲ್ಲ ಹೇಳಿದೆ. ಅವರು ಗಂಭೀರವಾಗಿಯೇ ಕೇಳಿಸಿಕೊಂಡರು.

"ಏಳು ರಾಜ್ಯ ಅದಾವ, ಖರೆ. ಆದರ ಅಲ್ಲಿ ಯಾರಿಗರೆ ಏನರೆ ಬೇಕಾಗೇದೇನವಾ?"

ನಾನು ವಹಿಯ ಹಾಳೆ ತಿರುವಿದೆ. ಅವರು ತಮ್ಮ ಬಸ್ಸಿನ ಸುದ್ದಿ ತೆಗೆದರು. ವಾಗದರಿಯಿಂದ ಬರುವಾಗ ಒಬ್ಬರು ಔಷಧದ ಚೀಟಿ ಕೊಡುತ್ತಿದ್ದರಂತೆ, ಒಬ್ಬರು ಮಗಳಿಗೆಂದು ಹುರಿದ ಜೋಳ, ಇನ್ನೊಬ್ಬರು ಬರೀ ಒಂದು ಮಾತು: 'ಮಾವಗ ಸಿಟ್ಟು ಇಳದದ, ಮನೀಗೆ ಬಾ ಅಂತ ಹೇಳ್ರಿ.' ಯಾವುದನ್ನು ಯಾರಿಗೆ ಎಲ್ಲಿ ಮುಟ್ಟಿಸಬೇಕೆಂಬುದೆಲ್ಲ ತಲೆಯಲ್ಲೇ ಇರುತ್ತಿತ್ತು. ಕೇಳುತ್ತ ಕೇಳುತ್ತ ನಾನು ಎದ್ದು ನಿಂತೆ. ಒಂದು ಬಸ್ಸು, ಐದು ನಿಲ್ದಾಣ, ಆರು ಜನ. ಆಡುವವನೇ ಕಂಡಕ್ಟರ್. ಇಷ್ಟನ್ನು ನಾನೊಬ್ಬಳೇ ಮಾಡಬಲ್ಲೆ ಅನ್ನಿಸಿತು.

ಆದರೂ ಮನಸ್ಸು ನಿಲ್ಲಲಿಲ್ಲ. ವಾರ ಕಳೆಯುವಷ್ಟರಲ್ಲಿ ಆಟ ಸಪ್ಪೆ ಎನಿಸತೊಡಗಿತು. ಕತ್ತಿಯಿಲ್ಲ, ರಾಕ್ಷಸರಿಲ್ಲ, ಸೋಲುವ ಭಯವೇ ಇಲ್ಲ. ಒಂದು ಮಧ್ಯಾಹ್ನ ಬೇಸತ್ತು ಕೇಳಿಯೇಬಿಟ್ಟೆ: "ಕಾಕಾ, ಮುಟ್ಟಸೋದು ಮರತರ ಏನಾಗ್ತದರಿ?"

ಅವರು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದರು. ನಾನೇನು ತಪ್ಪು ಕೇಳಿದೆನೋ ತಿಳಿಯದೆ ಇಡೀ ದಿನ ಒದ್ದಾಡಿದೆ. ಮರುದಿನ ಅವರಾಗಿಯೇ ಕರೆದರು.

"ಹತ್ತನೇ ಕ್ಲಾಸಿನ ಪರೀಕ್ಷಾ ನಡದಿತ್ತು," ಅಂದರು. "ವಾಗದರಿಯೊಳಗ ಒಬ್ಬ ತಾಯಿ ಓಡಿ ಬಂದು ಮಗಳ ಹಾಲ್ ಟಿಕೆಟ್ ನನ್ನ ಕೈಯಾಗ ಕೊಟ್ಟಳು. ಮಗಳು ಇಲ್ಲಿ ಅತ್ತಿ ಮನ್ಯಾಗ ಇದ್ದಳು. ಸ್ಟ್ಯಾಂಡಿನ ಚಹಾದಂಗಡ್ಯಾಗ ಕೊಡ್ರಿ, ಅಕಿ ಬಂದು ತಗೋತಾಳ ಅಂದಳು. ದಾರ್ಯಾಗ ಸೀಟಿನ ಸಲುವಾಗಿ ಇಬ್ಬರು ಜಗಳಕ್ಕ ಬಿದ್ದರು. ಬಿಡಿಸ್ಕೋತ ಬಿಡಿಸ್ಕೋತ ನಾ ಮರತೇ ಬಿಟ್ಟೆ. ಸೊಲ್ಲಾಪುರದಾಗ ನನ್ನ ಕಂಡಕ್ಟರ್ ಪೆಟಗಿ ತಗದರ... ಅದರಾಗೇ ಇತ್ತು."

ಅವರು ಹಿಂದಿರುಗುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಆ ಹುಡುಗಿ ಮತ್ತೆ ಶಾಲೆಗೆ ಹೋಗಲಿಲ್ಲ. ಮುಂದೆ ವಾಗದರಿಯಲ್ಲೇ ಮದುವೆಯಾಗಿ, ಮಕ್ಕಳನ್ನೆತ್ತಿಕೊಂಡು ಎಷ್ಟೋ ವರ್ಷ ಅವರ ಬಸ್ಸಿನಲ್ಲೇ ಓಡಾಡಿದಳು.

"ಒಮ್ಮೆರೆ ಬೈದಿದ್ರ ಚಲೋ ಇತ್ತು. ಕಾಕಾ, ಒಂದು ಅಕ್ಕಲಕೋಟ ಕೊಡ್ರಿ ಅಂತಿದ್ದಳು, ಅಷ್ಟ."

ಅದನ್ನು ಆಟದಲ್ಲಿ ಹಾಕಲೇ ಎಂದು ಅಳುಕುತ್ತಲೇ ಕೇಳಿದೆ. "ಹಾಕು. ಅಕಿ ಹೆಸರು ಮಾತ್ರ ಬ್ಯಾಡ" ಅಂದರು.

ಆಟ ಸಿದ್ಧವಾದ ದಿನ ಲ್ಯಾಪ್‌ಟಾಪ್ ಒಯ್ದು ಅವರ ಕಟ್ಟೆಯ ಮೇಲಿಟ್ಟೆ. ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಟ್ಟೆ. ಜಗಳ ಬಂತು, ಅವರು ಅತ್ತ ತಿರುಗಿಯೂ ನೋಡಲಿಲ್ಲ. ಅಕ್ಕಲಕೋಟ ಬಂದ ಕೂಡಲೇ ಇಳಿದು ಚಹಾದಂಗಡಿಗೆ ಹಾಲ್ ಟಿಕೆಟ್ ಕೊಟ್ಟರು. ಪರದೆಯ ಮೇಲಿನ ಪುಟ್ಟ ಹುಡುಗಿ ಬಂದು ಅದನ್ನು ತೆಗೆದುಕೊಂಡು ಓಡಿದಳು. ಕಾಕಾ ಹಿಗ್ಗುತ್ತಾರೆಂದು ನಾನು ಕಾಯುತ್ತಿದ್ದೆ. "ಇನ್ನೊಮ್ಮೆ ಹಚ್ಚು" ಅಂದರು.

ಎರಡನೆಯ ಸಲ ಬೇಕೆಂದೇ ಜಗಳ ಬಿಡಿಸಲು ಹೋದರು. ಬಸ್ಸು ಸ್ಟ್ಯಾಂಡು ಬಿಟ್ಟು ಹೊರಟಿತು. ಹುಡುಗಿ ಅಂಗಡಿಯ ಮುಂದೆ ನಿಂತೇ ಇದ್ದಳು. ನಾನು ಅವಳನ್ನು ಹಾಗೆಯೇ ನಿಲ್ಲಿಸಿದ್ದೆ. ಕಾಕಾ ಪರದೆಯ ಹತ್ತಿರಕ್ಕೆ ಬಗ್ಗಿದರು.

"ಇದನ್ನ ನಾ ನೋಡಿರಲಿಲ್ಲವಾ. ನಾ ಬಸ್ಸಿನ ಒಳಗಿದ್ದೆ."

ಮರುದಿನ ಮುಂಜಾನೆ ಅವರು ಸ್ಟ್ಯಾಂಡಿನಲ್ಲಿ ನಿಂತು ಮರಳಲಿಲ್ಲ. ವಾಗದರಿಗೆ ಹೋಗುವ ಬಸ್ಸು ಹತ್ತಿದರು. ಸಂಜೆ ಬಂದಾಗ ನಾನು ರಸ್ತೆಯಲ್ಲೇ ಅಡ್ಡಗಟ್ಟಿದೆ.

"ತಪ್ಪಾತು ಅಂತ ಅವರಿಗೆ ಹೇಳಿದ್ರೇನು ಕಾಕಾ?"

"ಹೇಳಿದೆ."

"ಏನಂದ್ರು?"

"ಚಹಾ ಕೊಟ್ಟಳು. ಕುಡದು ಬಂದೆ."

ಅದಕ್ಕಿಂತ ಹೆಚ್ಚು ಅವರ ಬಾಯಿಂದ ಬರಲಿಲ್ಲ. ಆದರೆ ಅವತ್ತು ಅವರು ಕಟ್ಟೆಯ ಮೇಲೆ ಕೂತು ಉಂಡರು.

ನನ್ನ ಆಟ ಸರ್‌ಗೆ ಹಿಡಿಸಿತು. ಬಿ.ಎಡ್. ಮಾತು ಮನೆಯಲ್ಲಿ ತಾನಾಗಿ ನಿಂತಿತು. ಮುಂದೆ ಅದೇ ಕ್ಲಾಸಿನಲ್ಲಿ ಕಲಿಸಲು ಸೇರಿದೆ. ಎರಡು ವರ್ಷದ ನಂತರ ಒಂದು ಚಳಿಗಾಲ ಕಾಕಾ ನಾಲ್ಕೇ ದಿನ ಮಲಗಿ ಹೋಗಿಬಿಟ್ಟರು.

ಮೂರನೆಯ ದಿನ ಮಾತಾಡಿಸಲು ಬಂದವರ ನಡುವೆ, ಯಾರಿಗೂ ಗುರುತಿಲ್ಲದ ಒಬ್ಬ ಹೆಂಗಸು ಕೂತಿದ್ದರು. ಹೊರಡುವಾಗ ನನ್ನ ಹತ್ತಿರ ಬಂದು ನಿಂತರು.

"ಆ ಆಟ ಮಾಡಿದಾಕಿ ನೀನೇನವಾ?"

"ಹೌದ್ರಿ."

"ಅದರಾಗ ನಾ ಪರೀಕ್ಷಾ ಬರದೀನೇನು?"

"ಬರದೀರಿ. ಕಾಕಾ ಮೊದಲನೇ ಸಲಾನ ನಿಮ್ಮ ಟಿಕೆಟ್ ಮುಟ್ಟಿಸಿದ್ರು."

ಅವರು ತಲೆದೂಗಿ, ಸೆರಗು ಸರಿಪಡಿಸಿಕೊಂಡು ಸ್ಟ್ಯಾಂಡಿನ ಕಡೆ ನಡೆದರು. ಹೆಸರು ಕೇಳಬೇಕಿತ್ತು... ಕೇಳಲಿಲ್ಲ.

ಈಗ ಎದುರು ಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನ. ಹೊಸ ಆಟಕ್ಕೊಂದು ಕಥೆ ಹೊಳೆದಾಗಲೆಲ್ಲ ನನಗೆ ಒಳಗೆ ನಿಲ್ಲಲಾಗುವುದಿಲ್ಲ. ಕಾಲು ತಾನಾಗಿ ರಸ್ತೆ ದಾಟಲು ಹೊರಡುತ್ತದೆ. ನಡುವೆ ಬಂದ ಮೇಲೆ, ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲವೆಂಬುದು ನೆನಪಾಗುತ್ತದೆ. ಹಿಂದಿನಿಂದ ಬಂದ ರಿಕ್ಷಾದವನು ಹಾರ್ನ್ ಹೊಡೆಯುತ್ತಾನೆ. ನಾನು ಬದಿಗೆ ಸರಿಯುತ್ತೇನೆ.