ರೊಟ್ಟಿ ಇಳಿಯದ ದಿನಗಳಲ್ಲಿ ನಾನು ಹುಡುಕಿದ್ದು

ಅಕ್ಕನಿಗೆ ಮೊದಲು ರೊಟ್ಟಿ ಇಳಿಯದಾಯಿತು. ಸುರಪುರದಲ್ಲಿ ಅವಳ ಮನೆ. ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ನಾನು ಶಹಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ಭಾನುವಾರ ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅವಳು ತುತ್ತು ನುಂಗಿದವಳೇ ಎದೆಯ ನಡುವೆ ಮುಷ್ಟಿ ಒತ್ತಿ ಹಿಡಿದಳು. ನೀರು ಕುಡಿದ ಮೇಲೆಯೇ ಮಾತು ಬಂತು.

"ಏನಾತಕ್ಕಾ?"

"ಏನಿಲ್ಲವಾ, ಇಲ್ಲೇ ನಿಂತಂಗ ಆಗ್ತದ. ನೀರ ಕುಡದ್ರ ಇಳೀತದ. ಗ್ಯಾಸ್ ಇರಬೇಕು. ನಿನ್ನ ಫೋನಿನ್ಯಾಗ ನೋಡು, ಏನರ ಮನಿಮದ್ದು ಅದ ಏನು."

ಕೈ ತೊಳೆದುಕೊಂಡು ಬಂದು, 'ಗ್ಯಾಸ್‌ಗೆ ಮನೆಮದ್ದು' ಎಂದು ಹುಡುಕಿದೆ. ವಿಡಿಯೋಗಳು ಸಾಲಾಗಿ ಬಂದವು. ಬಿಳಿ ಕೋಟು ಹಾಕಿಕೊಂಡ ಒಬ್ಬ, ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಜೀರಿಗೆ ನೀರು ಕುಡಿದರೆ ವಾರದೊಳಗೆ ಆರಾಮ ಎನ್ನುತ್ತಿದ್ದ. ಅವನು ಡಾಕ್ಟರನೋ ಅಲ್ಲವೋ ನಾನು ನೋಡಲಿಲ್ಲ. ಜನ ಲಕ್ಷಗಟ್ಟಲೆ ನೋಡಿದ್ದರು, ಅದನ್ನಷ್ಟೇ ನೋಡಿದೆ.

ಅಕ್ಕ ಜೀರಿಗೆ ನೀರು ಕುಡಿದಳು. ವಾರವಾಯಿತು, ತಿಂಗಳಾಯಿತು. ಫೋನ್ ಮಾಡಿದಾಗಲೆಲ್ಲ "ಅನ್ನ ಹೋಗ್ತದ, ರೊಟ್ಟಿ ಅಷ್ಟ ವಲ್ಲದು" ಎನ್ನುತ್ತಿದ್ದಳು. ನಾನು ಮತ್ತೆ ಹುಡುಕಿ ಓಮಿನಕಾಳು ಹೇಳಿದೆ, ಮಜ್ಜಿಗೆ ಹೇಳಿದೆ. ಎರಡನೆಯ ತಿಂಗಳಿಗೆ ಅನ್ನವೂ ನಿಲ್ಲತೊಡಗಿತು. ಗಂಜಿಗೆ ಬಂದಳು. ಹೋಗಿ ನೋಡಿದರೆ ಕೊರಳ ಎಲುಬುಗಳು ಎದ್ದು ಕಾಣುತ್ತಿದ್ದವು. "ನನ್ನ ಕುಪ್ಪಸಕ್ಕ ಎರಡ ಸಲ ಒಳಗ ಹೊಲಿಗಿ ಹಾಕೊಂಡೀನಿ ನೋಡು" ಎಂದು ನಕ್ಕಳು. ನಗಲು ನನಗಾಗಲಿಲ್ಲ.

ಅದೇ ವಾರ ತರಬೇತಿಗೆಂದು ಯಾದಗಿರಿಗೆ ಹೋಗಿದ್ದೆ. ನನ್ನ ಜೊತೆ ಬಿ.ಎಡ್. ಓದಿದ ಗೆಳತಿ ಅಲ್ಲಿಯ ಕಾಲೇಜೊಂದರ ಲೈಬ್ರರಿ ನೋಡಿಕೊಳ್ಳುತ್ತಾಳೆ. ಮಧ್ಯಾಹ್ನ ಅವಳ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ.

"ನೀ ಏನಂತ ಹುಡುಕಿದಿ, ತೋರ್ಸು" ಎಂದಳು. ಫೋನ್ ಕೊಟ್ಟೆ. ಮೇಲಿನಿಂದ ಕೆಳಗಿನವರೆಗೂ ನೋಡಿದಳು.

"ಗ್ಯಾಸ್ ಅಂತ ನೀನಽ ತೀರ್ಮಾನ ಮಾಡಿ ಕೇಳಿದಿ. ಅದು ಗ್ಯಾಸಿನ ಮದ್ದಽ ಹೇಳ್ತು. ಬಸ್ಸಿನ ಟೈಮು, ಸ್ಕಾಲರ್‌ಶಿಪ್ಪಿನ ಅರ್ಜಿ, ಇಂಥಾದ್ದಕ್ಕ ಇದು ಸಾಕು. ಜಡ್ಡಿಗೆ ಸಾಲಂಗಿಲ್ಲ. ಅಲ್ಲಿ ಯಾರು ಬರದಾರ, ಯಾವಾಗ ಬರದಾರ, ಏನ್ ಮಾರಾಕತ್ಯಾರ, ಮೊದಲ ಅದನ್ನ ನೋಡಬೇಕು."

ಅವಳು ಕಂಪ್ಯೂಟರಿನ ಮುಂದೆ ಕೂರಿಸಿದಳು. ಸರ್ಕಾರದ ಆರೋಗ್ಯ ಮಾಹಿತಿಯ ಪುಟ ಒಂದು, ವೈದ್ಯಕೀಯ ಸಂಶೋಧನಾ ಲೇಖನಗಳನ್ನಷ್ಟೇ ಹುಡುಕುವ ತಾಣ ಇನ್ನೊಂದು, ಎರಡನ್ನೂ ತೆರೆದಳು. ರೋಗದ ಹೆಸರು ಹಾಕಬೇಡ, ಅಕ್ಕನಿಗೆ ಏನಾಗುತ್ತಿದೆಯೋ ಅದನ್ನು ಹಾಕು ಎಂದಳು. ಹಾಕಿದೆ: ನುಂಗಲು ತೊಂದರೆ, ಮೊದಲು ಗಟ್ಟಿ ಪದಾರ್ಥ, ಆಮೇಲೆ ಮೆತ್ತನೆಯದು, ತೂಕ ಇಳಿಯುತ್ತಿದೆ.

ಮೊದಲ ಪುಟವೇ ಹೇಳಿತು: ತಡಮಾಡದೆ ಡಾಕ್ಟರಿಗೆ ತೋರಿಸಿ, ಎಂಡೋಸ್ಕೋಪಿ ಬೇಕು. ಲೇಖನಗಳಲ್ಲಿ ಇಂಗ್ಲಿಷಿನ ಉದ್ದುದ್ದ ವಾಕ್ಯಗಳಿದ್ದವು. ಮತ್ತೆ ಮತ್ತೆ ಬರುತ್ತಿದ್ದ ಶಬ್ದ ಒಂದೇ, ಅನ್ನನಾಳದ ಕ್ಯಾನ್ಸರ್. ವಿಜ್ಞಾನ ಕಲಿಸುವವಳು ನಾನು. ಅನ್ನನಾಳದ ಚಿತ್ರವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬಿಡಿಸಿದ್ದೆನೋ.

"ಇದು ಬರೇ ಓದೂದು. ಆಕೀದು ಏನಂತ ಡಾಕ್ಟರಽ ಹೇಳಬೇಕು. ನಾಳೀನಽ ಕರಕೊಂಡು ಹೋಗು" ಎಂದಳು ಗೆಳತಿ.

ಮರುದಿನ ಅಕ್ಕನನ್ನೂ ಮಾವನನ್ನೂ, ಎಂದರೆ ಅವಳ ಗಂಡನನ್ನು, ಕರೆದುಕೊಂಡು ಕಲಬುರಗಿಯ ಆಸ್ಪತ್ರೆಗೆ ಹೋದೆ. ತಪಾಸಣೆಗೆ ಒಂದು ವಾರ ಹಿಡಿಯಿತು. ಗಡ್ಡೆ ಅನ್ನನಾಳದಲ್ಲಿತ್ತು, ಶ್ವಾಸಕೋಶಕ್ಕೂ ಯಕೃತ್ತಿಗೂ ಹರಡಿತ್ತು. ಗಂಜಿ ಇಳಿಯಲೆಂದು ಒಳಗೆ ಒಂದು ನಳಿಗೆ ಹಾಕಿದರು. ಗುಣವಾಗುವ ಮಾತನ್ನು ಡಾಕ್ಟರು ಆಡಲಿಲ್ಲ.

ಸುರಪುರಕ್ಕೆ ಮರಳಿದ ಮೇಲೆ, ಈ ಸಲ ಹುಡುಕಲು ಕೂತವರು ಮಾವ. ಒಂದು ಸಂಜೆ ಫೋನ್ ಹಿಡಿದುಕೊಂಡೇ ಎದ್ದು ಬಂದರು. "ಇಲ್ಲಿ ನೋಡು, ಆಪರೇಷನ್ ಇಲ್ಲದಽ ಬರೇ ಒಂದು ಮದ್ದಿನಿಂದ ಪೂರ್ತಿ ಗುಣ ಮಾಡ್ತಾರಂತ. ಎರಡ ದಿನದ ರೈಲು. ಹೋಗೂಣು."

ಆ ಸಾಲಿನ ಮೇಲೆ ಸಣ್ಣದಾಗಿ 'ಪ್ರಾಯೋಜಿತ' ಎಂದಿತ್ತು. ತೋರಿಸಿದೆ. "ಇದು ಜಾಹೀರಾತು ರೀ ಮಾವ. ರೊಕ್ಕ ಕೊಟ್ಟು ಮ್ಯಾಲ ಹಾಕಿಸ್ಯಾರ."

"ಹಂಗಾರ ಸುಮ್ಮನ ಕುಂಡ್ರಬೇಕೇನು? ಅಕ್ಕ ಬ್ಯಾಡಾಗ್ಯಾಳೇನು ನಿನಗ?"

ಆ ಮದ್ದಿನ ಹೆಸರನ್ನು ಲೇಖನಗಳ ತಾಣದಲ್ಲಿ ಹಾಕಿ ನೋಡಿದೆ. ಮನುಷ್ಯರಿಗೆ ಕೊಟ್ಟು ಗುಣವಾಯಿತೆಂದು ಬರೆದ ಒಂದು ಲೇಖನವೂ ಸಿಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಅವರೂ ಬೇಡವೆಂದರು. ಇಷ್ಟರಲ್ಲಿ ಒಳಗಿನಿಂದ ಅಕ್ಕ ಕರೆದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅದರಾಗ ಏನ್ ಬರದಾರ? ನನಗ ಹೇಳು."

"ಆ ಮದ್ದಿನಿಂದ ಆಗಂಗಿಲ್ಲಕ್ಕಾ."

"ನನಗ ಇನ್ನ ಎಷ್ಟ ದಿನ ಅಂತ ಬರದಾರ?"

"ಭಾಳ ಮಂದೀದು ಕೂಡಿಸಿ ಬರದಿರ್ತಾರ. ನಿಂದಂತ ಇರಂಗಿಲ್ಲ." ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಆದ್ರ ಭಾಳ ಇಲ್ಲಕ್ಕಾ" ಎಂದೆ.

ಅವಳು ಮಾವನನ್ನು ಕರೆದು, "ಎಲ್ಲೂ ಹೋಗೂದ ಬ್ಯಾಡ್ರಿ. ನಾ ಇಲ್ಲೇ ಇರ್ತೀನಿ" ಎಂದಳು. ಮರುದಿನ ಕತ್ತರಿಸಿಟ್ಟಿದ್ದ ಕುಪ್ಪಸಗಳನ್ನು ಮುಗಿಸಲು ಕೂತಳು. ಮುಗಿಯದ ಬಟ್ಟೆಗಳನ್ನು ನಾನೇ ಓಣಿಯಲ್ಲಿ ಮನೆಮನೆಗೆ ವಾಪಸು ಕೊಟ್ಟು ಬಂದೆ. ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡಳು.

ಆಮೇಲೂ ಹುಡುಕಿದೆ. ಮೊದಲ ದಿನವೇ ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಓದಿದ್ದೇ ಓದಿದೆ. ಬೇಗ ಗೊತ್ತಾದಷ್ಟೂ ಒಳ್ಳೆಯದು ಎನ್ನುತ್ತಾರೆ ಎಲ್ಲರೂ. ಅಕ್ಕನಲ್ಲಿ ಅದು ಯಾವಾಗ ಹರಡಿತೋ ಯಾರೂ ಬರೆದಿಲ್ಲ.

ತಿಂಗಳ ಮೇಲೆ ಮಾವ ನನ್ನನ್ನು ಸುರಪುರ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಿದ್ದರು. ಅಲ್ಲಿ ನಿಂತಾಗ ಅದನ್ನೇ ಕೇಳಿದರು: "ಮೊದಲಽ ಗೊತ್ತಾಗಿದ್ರ ಉಳೀತಿದ್ಲೇನು?"

"ಗೊತ್ತಿಲ್ರಿ ಮಾವ. ಆದ್ರ ಎರಡ ತಿಂಗಳು ತಡಾ ಮಾಡಿದಾಕಿ ನಾನಽ."

ಅವರು ರಸ್ತೆಯ ಕಡೆ ನೋಡುತ್ತಾ, "ನಾನೂ ಮನ್ಯಾಗಽ ಇದ್ದೆನಲ್ಲ" ಎಂದರು. ಶಹಾಪುರದ ಬಸ್ಸು ಬಂತು. ನಾನು ಹತ್ತಿದೆ. ಅವರು ಬಸ್ಸು ಹೊರಡುವವರೆಗೂ ಕಾಯಲಿಲ್ಲ.