ಶಕರ ಟೋಪಿ ಮತ್ತು ನನ್ನ ಹೊಟ್ಟೆನೋವು

ಕಳೆದ ತಿಂಗಳು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬರುವ ಬಸ್ಸಿನಲ್ಲಿ, ಮಳೆಯಲ್ಲಿ ನೆನೆದ ಕಂಬಳಿ ಹೊದ್ದ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕೂತರು. ಧೂಳು ಕಂಡರೆ ಉಬ್ಬಸ ಬಂತೇನೋ ಎಂದು ಗಾಬರಿಯಾಗುವವನು ನಾನು. ಆದರೂ ಅವತ್ತು ಮೂಗು ಮುಚ್ಚಿಕೊಳ್ಳಲಿಲ್ಲ. ಒದ್ದೆ ಉಣ್ಣೆಯ ಆ ಕಮಟು... ಎಂಟನೇ ತರಗತಿಯ ಇತಿಹಾಸದ ಮೇಷ್ಟ್ರು ಎದುರಿಗೆ ಬಂದು ನಿಂತ ಹಾಗಾಯಿತು.

ನಮ್ಮ ಪುಸ್ತಕದಲ್ಲಿ ಶಕರಿಗೆ ಸಿಕ್ಕಿದ್ದು ಒಂದೇ ಸಾಲು: ವಾಯವ್ಯದಿಂದ ದಾಳಿ ಮಾಡಿದವರು. ಮೇಷ್ಟ್ರು ಪುಸ್ತಕ ಮಡಚಿಟ್ಟರು. "ಒಂದು ಸಾಲಲ್ಲಿ ಮುಗಿಸೋ ಜನಾನೇನ್ರೋ ಅವರು?" ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಕುದುರೆ, ಕುರಿ ಹೊಡೆದುಕೊಂಡು, ಮೇವು ಮುಗಿದ ಕಡೆಯಿಂದ ಮುಂದಕ್ಕೆ ಹೊರಡುತ್ತಿದ್ದರಂತೆ. ಹೆಂಗಸರೂ ಕುದುರೆ ಏರಿ ಬಿಲ್ಲು ಹಿಡಿಯುತ್ತಿದ್ದರಂತೆ. ಸತ್ತ ದೊರೆಯ ಜೊತೆ ಅವನ ಕುದುರೆಗಳನ್ನೂ ಹೂಳುತ್ತಿದ್ದರಂತೆ. ಆಮೇಲೆ ನಮ್ಮ ಪಶ್ಚಿಮ ಸೀಮೆಗೆ ಇಳಿದು, ಆಳಿ, ಸಂಸ್ಕೃತದಲ್ಲಿ ಶಾಸನ ಕೆತ್ತಿಸಿ, ಇಲ್ಲಿಯವರೇ ಆಗಿಹೋದರಂತೆ.

"ಪರೀಕ್ಷೆಗೆ ಬರುತ್ತಾ ಸಾರ್?" ಎಂದು ಕೇಳಿದವನು ನಾನೇ.

"ಬರಲ್ಲ ಕಣಪ್ಪ, ಧೈರ್ಯವಾಗಿ ಕೇಳು" ಎಂದರು.

ಆ ವರ್ಷ ಚಿಕ್ಕಬಳ್ಳಾಪುರದಲ್ಲಿ ಶಾಲೆಗಳ ವಸ್ತುಪ್ರದರ್ಶನ, ಎರಡು ದಿನ. ಪ್ರತಿ ಸಲ ವಿಜ್ಞಾನದ ಮಾದರಿಗಳೇ ಹೋಗುತ್ತಿದ್ದವು. ನಿವೃತ್ತಿಗೆ ಮುಂಚೆ ಒಂದು ಸಲವಾದರೂ ಇತಿಹಾಸ ಹೋಗಲಿ ಎಂದು ಮೇಷ್ಟ್ರು ಹೆಡ್‌ಮಾಸ್ಟರನ್ನು ಬೇಡಿ ಒಪ್ಪಿಸಿದ್ದರು. ಶಕರ ಚೂಪು ಟೋಪಿ ಮಾಡುವುದು. ನಾನು ಅದನ್ನು ಧರಿಸಿ ಮೂರು ನಿಮಿಷ ಶಕನಾಗಿ ಮಾತಾಡುವುದು.

ಮೇಲೂರಿನ ಕುರಿ ಮಂದೆಯಿಂದ ಉಣ್ಣೆ ಬಂತು. ನೆನೆಸಿಡಿ ಎಂದು ಹೇಳಿ ಮೇಷ್ಟ್ರು ಪಾಠಕ್ಕೆ ಹೋದರು. ನಾವೋ ರೇಷ್ಮೆ ಊರಿನ ಮಕ್ಕಳು; ಗೂಡು ಬೇಯಿಸಿ ನೂಲು ತೆಗೆಯುವುದನ್ನು ನೋಡುತ್ತಲೇ ಬೆಳೆದವರು. ನೀರು ಕುದಿಸಿ, ಉಣ್ಣೆ ಸುರಿದು, ಕಡ್ಡಿ ಆಡಿಸುತ್ತಾ ಎಳೆಯ ತುದಿ ಹುಡುಕಿಕೊಂಡು ಕೂತೆವು. ಬಂದು ನೋಡಿದ ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಬಿಡಿಸೋದಲ್ಲ ಕಣ್ರೋ, ಸಿಕ್ಕು ಮಾಡ್ಬೇಕು! ತುಳೀರಿ!"

ಚಾಪೆಯಲ್ಲಿ ಸುತ್ತಿ ತುಳಿದೆವು. ಮಗ್ಗವಿಲ್ಲದೆ ಉಣ್ಣೆ ದಪ್ಪ ಬಟ್ಟೆಯಾಯಿತು. ನನ್ನ ತಲೆಗೆ ದಾರ ಸುತ್ತಿ ಅಳತೆ ತೆಗೆದು, ಕಿವಿ ಮುಚ್ಚುವಂತೆ ಅವರೇ ಕೂತು ಹೊಲಿದರು.

ಹಾಕಿಕೊಂಡೆ. "ಏನ್ ಪಾಪು, ಕುಲಾವಿ ಕಟ್ಟಿದ್ರಾ? ಹಾಲು ಕುಡಿದ್ಯಾ?" ಎಂದರು ಗೆಳೆಯರು. ನನ್ನಂಥವನಿಗೆ ಅಷ್ಟು ಸಾಕು. ಹೊರಡುವ ದಿನ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟೆ. ಅಮ್ಮ ಓಮದ ಕಷಾಯ ಕುಡಿಸಿದಳು; ಸುಳ್ಳಿಗೆ ಅಷ್ಟು ಶಿಕ್ಷೆ ಸಾಕೆಂದುಕೊಂಡೆ. ಎರಡೂ ದಿನ ಮೇಷ್ಟ್ರೇ ಆ ಟೋಪಿ ತೊಟ್ಟು, ಮಕ್ಕಳ ಸಾಲಿನಲ್ಲಿ ನಿಂತು ಮಾತಾಡಿದರಂತೆ. ಸೋಮವಾರ ನೋಡಿದರೆ ಅವರ ಹಣೆಯ ಮೇಲೆ ಕೆಂಪು ಗೆರೆ.

"ನಿನ್ನಳತೆ ನಂಗೆ ಬಿಗಿ ಕಣೋ" ಎಂದರು. ಅಷ್ಟೇ.

ನಿಜ ಹೇಳಿಬಿಡಬೇಕು, ನಾಳೆ ಹೇಳಿದರಾಯಿತು, ನಾಳಿದ್ದು ಹೇಳಿದರಾಯಿತು ಎಂದು... ಮೂವತ್ತೈದು ವರ್ಷವಾಯಿತು.

ಕೆಲಸದ ಊರಿನಿಂದ ಅಪರೂಪಕ್ಕೆ ಬಂದವನು, ಬಸ್ಸಿಳಿದು ಮನೆಗೆ ಹೋಗದೆ ಅವರ ಮನೆಯ ಕಡೆ ನಡೆದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಬಾಗಿಲು ತೆರೆದವರು ಮೇಷ್ಟ್ರ ಹೆಂಡತಿ. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ಯಾರೆಂದು ಹೇಳುತ್ತಿದ್ದ ಹಾಗೇ ಅವರ ಮುಖ ಅರಳಿತು.

"ಆ ಟೋಪಿ ಹುಡುಗಾನಾ ನೀನು? 'ಎರಡನೇ ದಿನಕ್ಕಾದ್ರೂ ಮಗೂನ ಕರೆಸಬೇಕಿತ್ತು, ಆಸೆಗೆ ಬಿದ್ದು ಅವನ ಮಾತೂ ನಾನೇ ಆಡ್ಬಿಟ್ಟೆ' ಅಂತ ನಮ್ಮೋರು ಪೇಚಾಡ್ತಿದ್ರಪ್ಪ. ಕೊನೇವರೆಗೂ."

ಲೋಕದ ಚಿಂತೆಯೆಲ್ಲ ನನ್ನೊಬ್ಬನದೇ ಎಂದುಕೊಂಡಿದ್ದೆ. ಅವರಿಗೂ ಒಂದನ್ನು ಹೊರಿಸಿ ಬಂದಿದ್ದೆನಲ್ಲ... ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಅಮ್ಮಾ, ಅವತ್ತು ನಂಗೆ ಹೊಟ್ಟೆನೋವೇ ಇರ್ಲಿಲ್ಲ. ಹೆದರ್ಕೊಂಡಿದ್ದೆ."

ಅವರು ಬಾಗಿಲನ್ನು ಪೂರ್ತಿ ತೆರೆದರು.

"ಅಯ್ಯೋ ಮಗನೇ... ಅವರಿದ್ದಾಗ ಬಂದು ಹೇಳಿದ್ರೆ ಎಷ್ಟು ನಗ್ತಿದ್ರೋ!"